ಹಿಂದಿನಾಕಿ ಇಟ್ಟ ಸಾಮಾನು

ನಾ ಅಮೆರಿಕಾದಿಂದ ಬಂದು ಹದಿನೈದು ದಿವಸ ಆತು. ಬಾಜೂಮನಿ ಮಾಮಿಯಿಂದ ಹಿಡದು ಬೆಳಗಾವಿ ನಾದಿನಿ ತನಕಾ ಎಲ್ಲಾರದೂ ಒಂದಽ ಪ್ರಶ್ನಿ, "ಏನೇನ ನೋಡಿ ಬಂದ್ಯವಾ?" ನಾ ಏನ ಹೇಳ್ಲಿ. ಬಾಣಂತನಕ್ಕ ಹೋದಾಕಿ ನೋಡೂದಾದ್ರೂ ಏನಿರ್ತದ? ಕೂಸಿಗೆ ಎರಿಯೂದು, ಅಳವಿ ಪಾಯಸ ಮಾಡೂದು, ರಾತ್ರಿ ಎರಡಕ್ಕ ಎದ್ದು ಕೂಸಿನ ಹೆಗಲ ಮ್ಯಾಲೆ ಹಾಕ್ಕೊಂಡು ತಿರಗ್ಯಾಡೂದು. ಕಿಟಕಿ ಹೊರಗ ನೋಡಿದ್ರ ಎಲಿ ಉದುರಿದ ಗಿಡ. ನಯಾಗರಾ ನೋಡ್ಲಿಲ್ಲ, ನ್ಯೂಯಾರ್ಕ್ ನೋಡ್ಲಿಲ್ಲ. ವೈಟ್ ಹೌಸ್ ನೋಡಿದೆ, ಅದೂ ಕಬ್ಬಿಣದ ಕಟಾಂಜನದ ಹೊರಗ ನಿಂತು, ಗುಡಿ ಬಾಗಲಾ ಹಾಕಿದ ಮ್ಯಾಲೆ ಕೈ ಮುಗಿದಂಗ.

ಆದ್ರ ಒಂದ ಮನಿ ಮಾತ್ರ ಒಳಗ ಹೊಕ್ಕು, ಮಾಳಿಗಿ ಹತ್ತಿ, ಇಳದು, ನೆಲಮನಿ ತನಕಾ ನೋಡಿ ಬಂದೀನಿ. ಅದನ್ನ ಬರೀಬೇಕು ಅಂತ ಬಂದಾಗಿಂದ ಅನಸ್ಲಿಕ್ಹತ್ತದ. ಬರದ್ರ ನಂದೂ ಒಂದ ಮಾತು ಬರೀಬೇಕಾಗ್ತದ, ಅದಕ್ಕ ಇಷ್ಟು ದಿವಸ ತಡದಿದ್ದೆ. ನಿನ್ನೆ ಮಗಳಿಗೆ ಫೋನ್ ಮಾಡಿ ಕೇಳಿದೆ. "ಬರಿಯಮ್ಮ, ಅದರಾಗೇನದ" ಅಂದ್ಲು.

ಕೂಸಿಗೆ ಮೂರು ತಿಂಗಳು ತುಂಬಿತ್ತು. ಥಂಡಿ ಸ್ವಲ್ಪ ಕಡಿಮಿ ಆಗಿತ್ತು. ಮನ್ಯಾಗಽ ಕೂತು ಮಗಳ ಮಾರಿ ಸಣ್ಣದಾಗಿತ್ತು. ಅಳಿಯ ತಾನಽ ಟಿಕೀಟು ತಗದು, "ಅಮ್ಮಾ, ನೀವಿಬ್ಬರೂ ವಾಶಿಂಗ್ಟನ್ನಿಗೆ ಹೋಗಿ ಒಂದ ಹಳೇ ಮನಿ ನೋಡಿ ಬರ್ರಿ, ನಿಮಗ ಸೇರ್ತದ" ಅಂದ. ಯಾರ ಮನಿಯಪಾ ಅಂದ್ರ ಬೀರು ಮಾಡೂವವನ ಮನಿ! ರಾತ್ರಿ ಫೋನಿನ್ಯಾಗ ನಮ್ಮನಿಯವ್ರಿಗೆ ಹೇಳಿದೆ. "ಅಷ್ಟು ದೂರ ಹೋಗಿ ಸೆರೆ ಅಂಗಡಿಯವನ ಮನಿ ನೋಡ್ತೀಯೇನು, ರಾಯರ ಮಠ ಇಲ್ಲೇನು ಅಲ್ಲೆ?" ಅಂದ್ರು. ಮಠಾನೂ ನೋಡಿ ಬಂದೀನ್ರೀ, ಸುಮ್ಮನ ಕೂಡ್ರಿ ಅಂದೆ.

ಆ ಮನಿ ಇರೂದು ಡ್ಯುಪಾಂಟ್ ಸರ್ಕಲ್ ಅನ್ನೂ ಭಾಗದಾಗ. ಮೆಟ್ರೋದಿಂದ ಇಳದು ನಡದ್ರ ಹತ್ತಿರನಽ. ಸುತ್ತಲೂ ಆಫೀಸಿನ ದೊಡ್ಡ ದೊಡ್ಡ ಕಟ್ಟಡ, ನಡುವ ಇದೊಂದು ಕೆಂಪು ಕಂದು ಕಲ್ಲಿನ ಕೋಟಿಯಂಥಾ ಮನಿ, ಮೂಲ್ಯಾಗ ಒಂದು ಗೋಪುರ. ಗೋಪುರದ ತುದಿಗೆ ಕಳಸ ಇರಬೇಕಾದಲ್ಲಿ ಒಂದು ಹಲ್ಲಿಯಂಥಾದ್ದು ಕೂತದ. ನಂಗ ಮೈ ಜುಮ್ಮಂತು. ಮನಿ ಮ್ಯಾಲೆ ಯಾರರ ಹಲ್ಲಿ ಕೂಡಿಸ್ತಾರೇನವಾ? ಆಮ್ಯಾಲೆ ತಿಳೀತು, ಅದು ಹಲ್ಲಿ ಅಲ್ಲ, ಸಾಲಮಾಂಡರ್ ಅಂತ ಬ್ಯಾರೆ ಜೀವ. ಅದಕ್ಕ ಬೆಂಕಿ ಸುಡೂದಿಲ್ಲ ಅಂತ ಅವರ ಹಳೇ ಕಾಲದ ನಂಬಿಕಿ. ನಾವು ದೃಷ್ಟಿಗೆ ಬೂದಗುಂಬಳಕಾಯಿ ಕಟ್ಟಿದಂಗ ಅಂವ ಬೆಂಕಿಗೆ ಇದನ್ನ ಕೂಡಿಸ್ಯಾನ.

ಅಂವ ಅಂದ್ರ ಕ್ರಿಶ್ಚಿಯನ್ ಹೈರಿಕ್. ಜರ್ಮನಿಯ ಥುರಿಂಗಿಯಾ ಅನ್ನೂ ಸೀಮಿಯ ಹೈನಾ ಎಂಬ ಹಳ್ಳ್ಯಾಗ 1842ರಾಗ ಹುಟ್ಟಿದಾಂವ. (ನಮ್ಮ ಕಡೆ ಜರ್ಮನ್ ಅಂದ್ರ ಅಗ್ಗದ ಅಲ್ಯೂಮಿನಿಯಮ್ ಭಾಂಡಿ, ಅದರ ಮ್ಯಾಲೆ ಒಂದ ದೇಶದ ಹೆಸರು ಅದ ಅನ್ನೂದು ನಂಗ ಸಾಲ್ಯಾಗ ಕಲತ ಮ್ಯಾಲೂ ನೆನಪಿರೂದಿಲ್ಲ.) ಸಣ್ಣಂವ ಇದ್ದಾಗಽ ತಾಯಿ-ತಂದಿ ಇಬ್ಬರೂ ಹೋಗಿಬಿಟ್ರು. ಬೀರು ಮಾಡೂ ಕೆಲಸಾ ಕಲತು ಊರೂರು ತಿರಗಿ ದುಡದು, 1866ರಾಗ ಅಕ್ಕ ಇದ್ದಾಳಂತ ಅಮೆರಿಕಾದ ಬಾಲ್ಟಿಮೋರಿಗೆ ಬಂದ. 1872ರಾಗ ಒಬ್ಬ ಪಾಲುದಾರನ ಜೋಡಿ ವಾಶಿಂಗ್ಟನ್ನಿನಾಗ ಶ್ನೆಲ್ ಅನ್ನಾವನ ಹಳೇ ಬೀರಿನ ಭಟ್ಟಿ ಹಿಡದ. ಮುಂದ ಅದು ಬೆಳದು ಬೆಳದು, ಆ ಊರಾಗ ಸರ್ಕಾರ ಬಿಟ್ರ ಭಾಳ ಮಂದಿಗೆ ಕೆಲಸಾ ಕೊಟ್ಟಾಂವ ಇವನಽ ಅನ್ನೂ ಮಟ್ಟಕ್ಕ ಬಂತು. ಬದುಕಿದ್ದೂ ಎಷ್ಟು ಅಂತೀರಿ, 102 ವರ್ಷ! 1945ರಾಗ ತೀರಿಕೊಂಡ, ಕಡೀತನಕಾ ಕೆಲಸಾ ಬಿಡಲಿಲ್ಲಂತ. ಬೀರು ಕುಡದು ಅಷ್ಟು ವರ್ಷ ಬದುಕಿದ ಅಂತ ನಮ್ಮನಿಯವ್ರ ಮುಂದ ನಾ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ.

ಅವನ ಭಟ್ಟಿಗೆ ಒಂದೆರಡು ಸಲ ಅಲ್ಲ, ಹಲವಾರು ಸಲ ಬೆಂಕಿ ಬಿದ್ದಿತ್ತು. 1892ರಾಗಂತೂ ದೊಡ್ಡ ಬೆಂಕಿ. ಅದಽ ಅಂಜಿಕಿ ಹೊಟ್ಟ್ಯಾಗ ಹೊಕ್ಕಿತ್ತು. ಅದಕ್ಕ 1892ರಿಂದ 94ರ ತನಕ ಈ ಮನಿ ಕಟ್ಟಸೂ ಮುಂದ ಕಟಗಿ ತೊಲಿ ಬಿಟ್ಟು ಉಕ್ಕು, ಕಾಂಕ್ರೀಟು ಹಾಕ್ಸಿದ. ಆಗಿನ ಕಾಲಕ್ಕ ಮನಿಗೆ ಹಂಗ ಮಾಡೂದು ಹೊಸಾದಽ. ಮನ್ಯಾಗ ಹದಿನೈದು ಅಗ್ಗಿಷ್ಟಿಕಿ ಅವ, ಒಂದಕ್ಕಿಂತ ಒಂದು ಛಂದ. ಆದ್ರ ಒಂದನ್ನೂ ಹಚ್ಚಲೇ ಇಲ್ಲಂತ! ಮನಿ ಬೆಚ್ಚಗಿಡಲಿಕ್ಕೆ ಬಿಸಿನೀರಿನ ಕೊಳವಿ ಬ್ಯಾರೆ. ಹದಿನೈದು ಒಲಿ ಹೂಡಿ ಒಂದಕ್ಕೂ ಬೆಂಕಿ ಕಾಣಸ್ಲಿಲ್ಲ ಅಂದ್ರ ನೋಡ್ರಿ. ನಂಗ ನಗೂ ಬಂತು. ಮಗಳು ನಗಲಿಲ್ಲ. "ಅಂಜಿಕಿ ಇದ್ದವರಿಗೆ ಹಂಗಽ ಇರ್ತದಮ್ಮ" ಅಂದ್ಲು. ಹೆರಿಗಿ ಮುಂದ ಅಕಿ ಎಷ್ಟು ಅಂಜಿದ್ಲು ಅನ್ನೂದು ನಂಗೊಬ್ಬಾಕಿಗೆ ಗೊತ್ತು. ಸುಮ್ಮನಾದೆ.

ಒಳಗ ಹೋದ್ರ ಮೊದಲ ಒಂದು ದೊಡ್ಡ ಪಡಸಾಲಿ. ನೆಲಕ್ಕ ಸಣ್ಣ ಸಣ್ಣ ಕಲ್ಲಿನ ಚೂರು ಕೂಡಿಸಿ ರಂಗೋಲಿ ಹಾಕಿದಂಗ ಮಾಡ್ಯಾರ. ಹಾಲುಗಲ್ಲಿನ ಮೆಟ್ಟಿಲ, ಹಿತ್ತಾಳಿ ಕಠಡಾ. ಊಟದ ಖೋಲ್ಯಾಗ ಗ್ವಾಡಿಗೆ, ಕಪಾಟಿಗೆ, ಖುರ್ಚಿಗೆ ಎಲ್ಲಾ ಓಕ್ ಕಟಗಿ, ಒಂದ ಗೇಣು ಜಾಗಾ ಬಿಡಲಾರದ ಕೆತ್ತನಿ. ಆಗಸ್ಟ್ ಗ್ರಾಸ್ ಅಂತ ಅಲ್ಲಿಯವನಽ ಒಬ್ಬ ಜರ್ಮನ್ ಬಡಗಿ ಕೆತ್ತಿದ್ದಂತ. ಎಲ್ಲಾರೂ ಆಹಾ ಅಂದ್ರು. ನಾ ಮಾತ್ರ ಆ ಸಂದಿಗೊಂದಿ ನೋಡಿ, ಇದರ ಧೂಳಾ ಒರಸೂ ಪುಣ್ಯಾತಗಿತ್ತಿ ಯಾರಿದ್ಲೋ ಅಂತ ನಿಂತೆ. ದೀಪಾವಳಿಗೆ ದೇವರ ಮಂಟಪದ ನಾಲ್ಕು ಕಂಬ ಒರಸೂದ್ರಾಗ ನನ್ನ ಬೆರಳು ಬಂದಿರ್ತಾವ.

ಸಂಗೀತದ ಖೋಲಿಗೆ ಮ್ಯಾಲೊಂದು ಸಣ್ಣ ಬಾಲ್ಕನಿ, ಬಾರಸಾವ್ರು ಅಲ್ಲೆ ಕೂತು ಬಾರಸ್ಬೇಕು. ಕೆಲಸದವ್ರನ್ನ ಕರೀಲಿಕ್ಕೆ ಗ್ವಾಡ್ಯಾಗ ಕೊಳವಿ, ಇಲ್ಲೆ ಮಾತಾಡಿದ್ರ ಅಲ್ಲೆ ಕೇಳಸ್ತದ. ಕಳ್ಳರು ಬಂದ್ರ ಹೊಡ್ಕೊಳ್ಳೂ ಗಂಟಿ. ನೆಲಮನ್ಯಾಗ ಒಂದು ಮುಂಜಾನಿ ನಾಷ್ಟಾದ ಖೋಲಿ, ಅದರ ಗ್ವಾಡಿ ತುಂಬ ಚಿತ್ರ, ಜರ್ಮನ್ ಭಾಷಾದಾಗ ಕುಡಿಯೂದರ ಬಗ್ಗೆ ಚ್ಯಾಷ್ಟಿ ಗಾದಿ. ಮುಂಜಾನೆದ್ದು ಮಕ್ಕಳು ಮರಿ ಎಲ್ಲಾ ಅದರ ಕೆಳಗ ಕೂತು ತಿಂಡಿ ತಿಂದವ್ರು! ನಮ್ಮ ಅತ್ತಿ ಇದ್ದಿದ್ರ ಅಲ್ಲೆ ಒಂದ ಗ್ಲಾಸು ನೀರೂ ಕುಡೀತಿರಲಿಲ್ಲ.

ಇಷ್ಟೆಲ್ಲಾ ನೋಡಿದ್ದು ಬರೇ ಕಣ್ಣಿಂದ. ನನ್ನ ಕಿವಿ ನಿಂತದ್ದು, ತೋರಸೂ ಹುಡುಗಿ ಅವನ ಹೆಂಡಂದ್ರ ಕಥಿ ಶುರು ಮಾಡಿದಾಗ. ಅಕಿ ಇಂಗ್ಲಿಷು ಭಾಳ ಜೋರು, ಮಗಳು ಕಿವ್ಯಾಗ ಕನ್ನಡದಾಗ ಹೇಳ್ಕೋತ ಬಂದ್ಲು.

ಮೂರು ಹೆಂಡಂದ್ರು. ಒಬ್ಬಾಕಿ ಹೋದ ಮ್ಯಾಲೆ ಒಬ್ಬಾಕಿ. ಮೊದಲನೇದಾಕಿ ಅಮೇಲಿಯಾ, ಆ ಭಟ್ಟಿ ಹಳೇ ಮಾಲಕ ಶ್ನೆಲ್ ತೀರಿಕೊಂಡ್ನಲ್ಲಾ, ಅವನ ವಿಧವಾ. 1873ರಾಗ ಲಗ್ನಾತು, 1884ರಾಗ ನ್ಯುಮೋನಿಯಾ ಆಗಿ ಹೋದ್ಲು. ಎರಡನೇದಾಕಿ ಮಟಿಲ್ಡಾ. 1887ರಾಗ ಲಗ್ನ. ಈ ಮನಿ ಕಟ್ಟಿದ್ದು, ಸಿಂಗರಿಸಿದ್ದು ಅಕಿ ಕಾಲದಾಗ. ನ್ಯೂಯಾರ್ಕಿನಿಂದ ಹ್ಯೂಬರ್ ಅನ್ನೂ ಅಣ್ಣತಮ್ಮರ ಮಂದಿನ್ನ ಕರಿಸಿ ಅವರ ಜೋಡಿ ಕೂತು ಯಾವ ಖೋಲಿಗೆ ಯಾವ ಬಣ್ಣ, ಯಾವ ಪಡದಾ, ಯಾವ ಖುರ್ಚಿ ಎಲ್ಲೆ ಅಂತ ಎಲ್ಲಾ ನಿಂತು ಮಾಡಸ್ದಾಕಿ. ಮನಿ ಮುಗದದ್ದು 1894. ಅಕಿ ತೀರಿಕೊಂಡದ್ದು 1895ರ ಜನವರಿಯೊಳಗ. ಅಷ್ಟು ಆಸಿಪಟ್ಟು ಮಾಡಸಿ, ಖುರ್ಚಿಗೆ ಹೊಸಾ ವಾಸನಿ ಹೋಗೂದ್ರಾಗ ತಾನಽ ಹೋಗಿಬಿಟ್ಲು.

ಆಮ್ಯಾಲೆ ನಾಲ್ಕು ವರ್ಷ ಅಷ್ಟು ದೊಡ್ಡ ಮನಿ, ಹೆಣ್ಣು ದಿಕ್ಕಿಲ್ಲದ್ದು. 1899ರಾಗ ಮೂರನೇ ಲಗ್ನ. ಹುಡುಗಿ ಯಾರಂದ್ರ ಮೊದಲನೇ ಹೆಂಡತಿಯ ಸಂಬಂಧದಾಗ ಸೊಸಿ ಆಗಬೇಕಾದಾಕಿ, ಹೆಸರೂ ಅಕೀದಽ, ಅಮೇಲಿಯಾ. ಹಳೇ ಹೆಸರು, ಹೊಸಾ ಹುಡುಗಿ. ಇವಗ 56, ಅಕೀಗೆ 33. ಪ್ರವಾಸಕ್ಕ ಬಂದ ಬಿಳೇ ಮಂದಿ ಎಲ್ಲಾ ಒಂದ ನಮೂನಿ ಮಾರಿ ಮಾಡಿದ್ರು. ನಂಗೇನೂ ಅನಸ್ಲಿಲ್ಲ. ನಮ್ಮಲ್ಲೆ ಅಕ್ಕ ಹೋದ್ರ ತಂಗೀನ ಕೊಡ್ತಿರಲಿಲ್ಲೇನು? ಮನಿ ಗೊತ್ತಿದ್ದದ್ದು, ಮಂದಿ ಗೊತ್ತಿದ್ದದ್ದು ಅಂತ.

ಹೈರಿಕ್‌ಗ ಮೊದಲಿನಿಬ್ಬರಿಂದ ಮಕ್ಕಳಿರಲಿಲ್ಲ. ಈಕಿ ನಾಲ್ಕು ಹಡದ್ಲು, ಒಂದ ಕೂಸು ಇದ್ದಾಗಽ ಹೋತು, ಮೂರು ಉಳದ್ವು. ಮದ್ಯಪಾನ ಬಂದಿ ಆದಾಗ ಭಟ್ಟ್ಯಾಗ ಬರೀ ಬರ್ಫ ಮಾಡಿ ಮಾರಿದ್ರು, ಅಲ್ಲಿನ ಸಂಸತ್ತಿಗೂ ಇವರದಽ ಬರ್ಫ. ಗಂಡ ಹೋದ ಮ್ಯಾಲೂ ಈಕಿ ಅಲ್ಲೇ ಇದ್ಲು. 1956ರಾಗ ತೀರಿಕೊಳ್ಳೂಕಿಂತ ಮೊದಲ ಊರಿನ ಇತಿಹಾಸ ಸಂಘಕ್ಕ ಮನಿ ಬರದುಕೊಟ್ಲು. ಅದಽ ವರ್ಷ ಭಟ್ಟೀನೂ ಬಂದಾತು, ಆಮ್ಯಾಲೆ ಕೆಡವಿ ಆ ಜಾಗಾದಾಗ ಕೆನಡಿ ಸೆಂಟರ್ ಕಟ್ಟಿದ್ರು. ಮನಿ ಮಾತ್ರ ಉಳೀತು. ಸಂಘದವ್ರು 2003ರಾಗ ಬಿಟ್ಟು ಹೋದ ಮ್ಯಾಲೆ ಮೊಮ್ಮಗನಽ ಮುಂದ ಬಂದು ಟ್ರಸ್ಟ್ ಮಾಡಿ ಉಳಿಸ್ಕೊಂಡ.

ಇಷ್ಟು ಹೇಳಿ ಆ ಹುಡುಗಿ ಒಂದ ಮಾತು ಅಂದ್ಲು. ಅಮೇಲಿಯಾ ಈ ಮನ್ಯಾಗ 57 ವರ್ಷ ಇದ್ಲು, ಆದ್ರ ನೀವು ಈಗ ನೋಡ್ಲಿಕ್ಹತ್ತಿದ್ದೆಲ್ಲಾ ಹೆಚ್ಚೂಕಡಿಮಿ ಮಟಿಲ್ಡಾ ಇಟ್ಟದ್ದಽ ಅದ. ಈಕಿ ಕದಲಿಸ್ಲಿಲ್ಲ.

ಗುಂಪಿನ್ಯಾಗ ಒಬ್ಬಾಕಿ ಹೆಂಗಸು ಕೇಳಿದ್ಲು, ಅಕೀಗೆ ಬ್ಯಾಸರ ಆಗ್ತಿರಲಿಲ್ಲೇನು, ದಿನಾ ಇನ್ನೊಬ್ಬಾಕಿ ಆರಿಸಿದ ಖುರ್ಚಿ ಮ್ಯಾಲೆ ಕೂಡೂದು? ಎಲ್ಲಾರೂ ನಕ್ಕರು. ಮಗಳು ಅದನ್ನ ಕನ್ನಡದಾಗ ಹೇಳ್ತಾ ಹೇಳ್ತಾ ನಡುವನಽ ನಿಂತ್ಲು. ನನ್ನ ಮಾರಿ ನೋಡಿದ್ಲು.

ನಾ ಈ ಮನಿಗೆ ಎರಡನೇದಾಕಿ ಆಗಿ ಬಂದಾಕಿ ಅನ್ನೂದು ನಿಮಗೆಲ್ಲಾ ಗೊತ್ತದ. ನಂಗ ಇಪ್ಪತ್ಮೂರು. ಅವರ ಹಿಂದಿನಾಕಿ ಕಾಮಾಲಿ ಆಗಿ ಹೋಗಿ ಒಂದೂವರಿ ವರ್ಷ ಆಗಿತ್ತು. ಮಗಳಿಗೆ ನಾಲ್ಕು ತುಂಬಿತ್ತು. ನಂಗ ಮೌಶಿ ಅಂತಿತ್ತು. ನಾ ಪಿಯುಸಿ ಮುಗಿಸಿ ಮನ್ಯಾಗ ಕೂತಾಕಿ, ನಮ್ಮಪ್ಪಗ ನಾಲ್ಕು ಹೆಣ್ಣು. ಅಷ್ಟಽ, ಅದರಾಗ ಅಳೂವಂಥಾದ್ದು ಏನಿಲ್ಲ. ಇವರು ಒಳ್ಳೇವ್ರು, ಅತ್ತಿ ಬಾಯಿ ಜೋರಿತ್ತು ಆದ್ರ ಕರುಳಿತ್ತು.

ಆದ್ರ ಅಡಗಿಮನಿ! ಯಾವ ಡಬರಿ ಎತ್ತಿದ್ರೂ ಚುಕ್ಕಿ ಚುಕ್ಕಿ ಅಕ್ಷರದಾಗ ಅವರ ಹೆಸರು. ತಾಟು, ತಂಬಗಿ, ಚರಗಿ, ಹಾಲಿನ ಪಾತೇಲಿ, ಉಪ್ಪಿನ ಡಬ್ಬಿ. ನಿಮ್ಮ ನಿಮ್ಮ ಮನ್ಯಾಗೂ ಇದ್ದಾವ, ಲಗ್ನದಾಗ ಹೆಸರು ಹಾಕಿಸಿ ಕೊಡೂ ಪದ್ಧತಿ. ಮುಂಜಾನೆ ಹಾಲು ಕಾಸೂದ್ರಿಂದ ಹಿಡದು ರಾತ್ರಿ ಮಜ್ಜಿಗಿ ಹೆಪ್ಪು ಹಾಕೂ ತನಕಾ ಅವರ ಹೆಸರು ಓದ್ಕೋತನಽ ಇದ್ದೆ. ಅಡಗಿ ಛಲೋ ಆತಂದ್ರ ಭಾಂಡೇದ ಮ್ಯಾಲೆ ಅವರ ಹೆಸರು, ಹೊತ್ತಿತಂದ್ರ ನನ್ನ ಕೈಗುಣ. ಭಾಂಡಿ ತಿಕ್ಕೂ ಮುಂದ ಆ ಅಕ್ಷರದ ಮ್ಯಾಲೆ ಬೂದಿ ಹಾಕಿ ಜರಾ ಜೋರಽ ತಿಕ್ತಿದ್ದೆ. ಸ್ಟೀಲು, ಅದೆಲ್ಲಿ ಹೋಗಬೇಕು?

ಅದರಾಗ ಒಂದ ಸಣ್ಣ ವಾಟಗ ಇತ್ತು. ಕೂಸಿಗೆ ಅನ್ನಾ ಹಾಲು ಕಲಸೂದು. ಹುಡುಗಿ ಅದರಾಗಲ್ಲದ ಬ್ಯಾರೆದ್ರಾಗ ಉಣ್ತಿರಲಿಲ್ಲ. "ಇದು ನಮ್ಮ ಅವ್ವಂದು" ಅಂತಿತ್ತು. ದಿನಕ್ಕ ಎರಡ ಸಲ, ತುತ್ತಿಗೊಂದ ಸಲ. ಒಂದ ದಿವಸ ಮಧ್ಯಾಹ್ನ ಹಳೇ ಅರಬಿ ತಗೊಂಡು ಹೊಸಾ ಭಾಂಡಿ ಕೊಡಾಕಿ ಬಂದ್ಲು. ಅತ್ತಿ ಮಲಗಿದ್ರು. ಎರಡು ಹಳೇ ಸೀರಿ, ಇವರದೊಂದು ಪ್ಯಾಂಟು ಕೊಟ್ಟೆ. ಒಂದ ಮುಚ್ಚಳದ ಡಬ್ಬಿಗೆ ಇನ್ನೂ ಸ್ವಲ್ಪ ಬೇಕವ್ವ ಅಂದ್ಲು. ನಾ ಒಳಗ ಹೋಗಿ ಆ ವಾಟಗ ತಂದು ಅಕಿ ಬುಟ್ಟ್ಯಾಗ ಹಾಕಿದೆ. ಯಾರೂ ಕೇಳಿರಲಿಲ್ಲ. ಅಕೀಗೂ ಅದು ಬೇಕಾಗಿರಲಿಲ್ಲ, ಹಳೇ ಸೀರಿ ಒಂದ ಕೊಟ್ಟಿದ್ರ ಸಾಕಿತ್ತು.

ಸಂಜೀಕ ಹುಡುಗಿ ಕೇಳಿದ್ಲು. ಬಾಂವ್ಯಾಗ ಬಿತ್ತು ಅಂತ ಹೇಳಿದೆ.

ಮುಂದಿಂದು ಬರೀಲಿಕ್ಕೆ ಇವತ್ತಿಗೂ ಕೈ ನಡಗ್ತದ. ನಾಲ್ಕೈದು ದಿವಸ ಆದ ಮ್ಯಾಲೆ ಹಿತ್ತಲಕ್ಕ ಹೋದ್ರ, ಹುಡುಗಿ ಬಾಂವಿ ಕಟ್ಟಿ ಮ್ಯಾಲೆ ಹೊಟ್ಟಿ ಕೊಟ್ಟು, ಕಾಲು ನೆಲಾ ಬಿಟ್ಟು, ಒಳಗ ಬಗ್ಗಿ ನೋಡ್ಲಿಕ್ಹತ್ತಿತ್ತು. ರಟ್ಟಿ ಹಿಡದು ಎಳದೆ. ಎಳದಾಕಿ ಅಪ್ಪಿಕೊಂಡಿದ್ರ ಮಾತು ಬ್ಯಾರೆ ಇತ್ತು, ನಾ ಬೆನ್ನ ಮ್ಯಾಲೆ ಎರಡ ಏಟು ಹಾಕಿದೆ. ಯಾಕ ಹೊಡದೆ ಅಂತ ಇವರು ಕೇಳಿದ್ರು, ಬಾಂವಿ ಹತ್ತೀತ್ರೀ ಅಂದೆ. ಮರುದಿವಸ ಇವರು ಬಾಂವಿಗೆ ಕಬ್ಬಿಣದ ಜಾಳಗಿ ಹಾಕ್ಸಿದ್ರು. ಎಲ್ಲಾರೂ ನಾ ಹುಡುಗಿನ್ನ ಉಳಿಸಿದೆ ಅಂದ್ರು. ಅತ್ತಿ ದೃಷ್ಟಿ ತಗದು, ಮಲತಾಯಿ ಅಂತ ಯಾರ ಅಂತಾರ, ನೋಡ್ರಿ ಅಂತ ಓಣಿ ತುಂಬ ಹೇಳಿದ್ರು.

ಮೂವತ್ತು ವರ್ಷ ಆತು. ಆ ಹೊಗಳಿಕಿ ನಾ ಉಟ್ಟುಕೊಂಡು ಬಂದೀನಿ.

ಆ ದಿವಸ ಆ ಬೀರಿನವನ ಮನ್ಯಾಗ, ಬಿಳೇ ಮಂದಿ ನಕ್ಕೋತ ಮುಂದಿನ ಖೋಲಿಗೆ ಹೋದ್ರು. ಮಗಳು ಕೂಸಿನ ಎದಿಗೆ ಕಟಗೊಂಡು ನಿಂತಾಕಿ, "ನಿಂಗ ಹಂಗ ಅನಸ್ತಿತ್ತೇನಮ್ಮ?" ಅಂತ ಕೇಳಿದ್ಲು. ಇಷ್ಟು ವರ್ಷದಾಗ ಅಕಿ ಎಂದೂ ಕೇಳಿರಲಿಲ್ಲ. "ಅನಸ್ತಿತ್ತು" ಅಂದೆ. ಅಂದಾಕಿ ಬಾಯಿ ಮುಚ್ಚಬೇಕಿಲ್ಲೋ? ವಾಟಗಾದ ಮಾತು ಪೂರಾ ಹೇಳಿಬಿಟ್ಟೆ. ಬಾಂವಿದೂ ಹೇಳಿದೆ. ಆ ಹದಿನೈದು ಅಗ್ಗಿಷ್ಟಿಕ್ಯಾಗ ಒಂದರ ಮುಂದ ನಿಂತು ಹೇಳಿದೆ. ಮೈ ಮಾತ್ರ ಬೆವತು ಹೋಗಿತ್ತು.

ಅಕಿ ಏನೂ ಅನಲಿಲ್ಲ. ಕೂಸು ಅತ್ತು. "ಡೈಪರ್ ಬದಲಿ ಮಾಡಬೇಕು" ಅಂತ ಬಾತ್‌ರೂಮಿನ ಕಡೆ ಹೋದ್ಲು. ಹತ್ತು ನಿಮಿಷಾತು, ಇಪ್ಪತ್ತಾತು. ನಾ ಪಡಸಾಲ್ಯಾಗ ಒಂದ ಬೆಂಚಿನ ತುದಿಗೆ ಕೂತೆ, ಅದೂ ಮಟಿಲ್ಡಾಂದು ಇರಬಾರದವಾ ಅಂದ್ಕೋತ. ತೋರಸೂ ಹುಡುಗಿ ಬಂದು ನೀರು ಬೇಕೇನು ಅಂತ ಕೇಳಿದ್ಲು. ಬ್ಯಾಡಾ, ಥ್ಯಾಂಕ್ಯೂ ಅಂದೆ. ಊರು ಬಿಟ್ಟು ಊರಿಗೆ ಬಂದೀನಿ, ಮೆಟ್ರೋ ಹತ್ತಲಿಕ್ಕೆ ಬರೂದಿಲ್ಲ, ಮಗಳು ಒಂದ ಮಾತು ಆಡಲಿಲ್ಲ ಅಂದ್ರ ಉಳದ ಮೂರು ತಿಂಗಳು ಆ ಮನ್ಯಾಗ ಹೆಂಗ ಕಳೀಲಿ ಅಂತ ಹೊಟ್ಟ್ಯಾಗ ಕಲಸಿದಂಗಾತು. ಆ ಅಮೇಲಿಯಾನ್ನ ನೆನೆಸಿದೆ. ಅಕಿ ಛಲೋತನಕ್ಕ ಕದಲಿಸ್ಲಿಲ್ಲೋ, ಗಂಡನ ಅಂಜಿಕಿಗೆ ಕದಲಿಸ್ಲಿಲ್ಲೋ, ಇಲ್ಲಾ ಸಣ್ಣ ಸಾಮಾನು ಯಾವುದರ ಒಂದು ಯಾರ ಕೈಯಾಗೋ ಹಾಕಿ ಸುಮ್ಮನಿದ್ಲೋ? ಖುರ್ಚಿ ಮೇಜು ಎಣಿಸಿ ಇಡ್ತಾರ, ವಾಟಗ ಯಾರು ಎಣಿಸ್ತಾರ?

ಮಗಳು ಬಂದ್ಲು. ಕಣ್ಣು ಕೆಂಪಾಗಿತ್ತು. "ನಡಿ, ಕೂಸಿಗೆ ಹೊತ್ತಾತು" ಅಂದ್ಲು.

ಮೆಟ್ರೋದಾಗ ಇಬ್ಬರೂ ಬಾಜೂಬಾಜೂ ಕೂತ್ವಿ. ಗಾಡಿ ಬಿಟ್ಟ ಮ್ಯಾಲೆ ಕೇಳಿದ್ಲು, "ಅಮ್ಮಾ, ಅದು ಹೆಂಗಿತ್ತು?"

"ಯಾವುದು?"

"ಆ ವಾಟಗ. ಬಾಂವಿ ನೆನಪದ, ನೀ ಹೊಡದದ್ದು ನೆನಪದ. ವಾಟಗ ಹೆಂಗಿತ್ತು ಅನ್ನೂದು ನೆನಪಿಲ್ಲ. ಅವ್ವನ ಮಾರಿನೂ ಫೋಟೋದಾಗಿಂದಷ್ಟಽ."

ಹೇಳಿದೆ. ಅಂಗೈಯಾಗ ಹಿಡಸೂವಷ್ಟು ಇತ್ತು. ಅಂಚು ಹೊರಗ ಮಡಚಿತ್ತು. ಒಂದ ಕಡೆ ಜರಾ ನೆಗ್ಗಿತ್ತು, ನೀನಽ ನೆಲಕ್ಕ ಬಡದು ಬಡದು. ಹೆಸರು ಹಾಕಿದಾಂವ ಒಂದ ಒತ್ತಕ್ಷರ ಬಿಟ್ಟಿದ್ದ, ನಿಮ್ಮವ್ವ ಅಂಗಡಿಗೆ ತಿರಗಿ ಹೋಗಿ ಜಗಳಾಡಿ ಅದರ ಕೆಳಗ ಸಣ್ಣದಾಗಿ ಕೊರಿಸ್ಕೊಂಡು ಬಂದಿದ್ರಂತ, ನಿಮ್ಮ ಅಜ್ಜಿ ಹೇಳಿದ್ರು. ಉಳದ ಭಾಂಡೇದ ಮ್ಯಾಲೆಲ್ಲಾ ಸರಿ ಅದ, ಅದೊಂದರ ಮ್ಯಾಲೆ ಮಾತ್ರ ಹಂಗಿತ್ತು.

"ಜಗಳಾಡಿದ್ಲಾ?" ಅಂದ್ಲು. ಅವ್ವನ ಬಗ್ಗೆ ಅಕಿ ಬಾಯಾಗ ನಾ ಅಂಥಾ ದನಿ ಮೊದಲನೇ ಸಲ ಕೇಳಿದೆ. "ಇನ್ನೇನ ಹೇಳಿದ್ರು ಅಜ್ಜಿ?"

ನಂಗ ಗೊತ್ತಿದ್ದದ್ದೆಲ್ಲಾ ಹೇಳ್ಕೋತ ಹೋದೆ. ಅವರು ಹುಣಸಿಹಣ್ಣು ಹೆಂಗ ಉಪ್ಪು ಹಾಕಿ ಇಡ್ತಿದ್ರು, ಯಾವ ಹಬ್ಬಕ್ಕ ಅತ್ತಿ ಜೋಡಿ ಮಾತು ಬಿಟ್ಟಿದ್ರು, ನಾ ಇವತ್ತಿಗೂ ಮಾಡೂ ಮೆಂತೇದ ಹಿಟ್ಟು ಅವರ ಅಳತಿ ಅನ್ನೂದು. ಮೆಟ್ರೋ ಸೆಂಟರಿನಾಗ ಇಳದು ಗಾಡಿ ಬದಲಸಬೇಕಿತ್ತು. ಇಬ್ಬರೂ ಮರತು ಎಷ್ಟೋ ಸ್ಟೇಶನ್ ಮುಂದ ಹೋಗಿಬಿಟ್ವಿ. ಅಳಿಯ ಮೂರು ಸಲ ಫೋನ್ ಮಾಡಿದ.